ದೀರೆ ಕ್ರಿಯಾಪದದ ಇಪ್ಪತ್ತೊಂದು ವಾಕ್ಯಗಳು

4 ಫೆಬ್ರವರಿ 2019

ಅಕ್ಕ,

ಕಳೆದ ತಿಂಗಳು 27ನೇ ತಾರೀಕು, ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸಂಜೆ ಭಾಷಾ ಶಾಲೆಯ ಮೇಲಿನ ಹಾಲಿನಲ್ಲಿ, ಇನ್ನೂರು ಜನರ ಎದುರು ನಿನ್ನ ಪುಸ್ತಕವನ್ನು ಇನ್ನೊಬ್ಬರ ಹೆಸರಿನಲ್ಲಿ ಬಿಡುಗಡೆ ಮಾಡಿದರು. ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಾನು ಮೂರನೇ ಸಾಲಿನಲ್ಲಿದ್ದೆ. ಪುಸ್ತಕದ ಹೊದಿಕೆ ಬಿಚ್ಚಿ ಎತ್ತಿ ತೋರಿಸಿದರು: 'ಇಟಾಲಿಯನ್ ಕ್ರಿಯಾಪದಗಳು, ಪರಿಷ್ಕೃತ ಆವೃತ್ತಿ'. ಅದರ ಕೆಳಗೆ ಹೋದ ವರ್ಷ ತೀರಿಕೊಂಡ ನಿಮ್ಮ ಶಾಲೆಯ ಡೈರೆಕ್ಟರ ಹೆಸರು. ಸಂಪಾದಕರು ಎಂದಲ್ಲ, ಲೇಖಕರು ಎಂದು. ನಿನ್ನ ಹೆಸರು ಮುಂದೆ ಇಲ್ಲ, ಹಿಂದೆ ಇಲ್ಲ, ಕೃತಜ್ಞತೆಯ ಪುಟದಲ್ಲೂ ಇಲ್ಲ. ಆ ಪುಟದಲ್ಲಿ ಹಾಲಿಗೆ ಫ್ಯಾನು ಕೊಟ್ಟವರಿದ್ದಾರೆ, ಮೈಕು ಕೊಟ್ಟವರಿದ್ದಾರೆ. ಹನ್ನೊಂದು ವರ್ಷ, ವಾರಕ್ಕೆ ಮೂರು ಸಂಜೆ, ಆರರಿಂದ ಎಂಟರವರೆಗೆ ಅದೇ ಕಟ್ಟಡದಲ್ಲಿ ಪಾಠ ಮಾಡಿದವಳು ಮಾತ್ರ ಇಲ್ಲ.

ಒಂದು ಪ್ರತಿ ಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ನಲವತ್ತಮೂರನೇ ಪುಟ ತೆಗೆದೆ. 'ದೀರೆ', ಎಂದರೆ ಹೇಳುವುದು. ಏಳು ಧಾಟಿ, ಇಪ್ಪತ್ತೊಂದು ಕಾಲ, ಇಪ್ಪತ್ತೊಂದು ವಾಕ್ಯ. ಈ ಪಟ್ಟಿಯನ್ನು ನೀನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಗೆರೆ ಎಳೆದು ಬರೆದದ್ದು ನಮ್ಮ ಅಡುಗೆಮನೆಯ ಮೇಜಿನ ಮೇಲೆ. ನಿನ್ನ ನಿಯಮ ನನಗೆ ಇನ್ನೂ ನೆನಪಿದೆ: ಮೇಜಿನ ಮುಂದೆ ಕುಳಿತು ವಾಕ್ಯ ಹುಟ್ಟಿಸಬಾರದು. ಆ ದೇಶಕ್ಕೆ ಕೆಲಸಕ್ಕೆ ಹೊರಟವರನ್ನೇ ಕೇಳುತ್ತಿದ್ದೆ, "ಅಲ್ಲಿ ಮೊದಲ ವಾರ ನೀವು ಏನು ಹೇಳ್ಬೇಕಾಗುತ್ತೆ?" ಎಂದು. ನರ್ಸು, ಬೂಟಿನ ಚರ್ಮ ಕತ್ತರಿಸುವವನು, ಹಡಗಿನ ಅಡುಗೆಯವನು ಒಬ್ಬೊಬ್ಬರೂ ಒಂದೊಂದು ಕೊಟ್ಟರು. ಒಂದೊಂದು ಖಾನೆಗೆ ಒಬ್ಬೊಬ್ಬರ ಬಾಯಿಂದ ಬಂದದ್ದು, ಒಂದು ಮಾತ್ರ ನಿನ್ನದೇ. ಹೊಸ ಪುಸ್ತಕದಲ್ಲಿ ಹನ್ನೆರಡು ವಾಕ್ಯ ಹಾಗೇ ಇವೆ. ಒಂಬತ್ತನ್ನು ತೆಗೆದು 'ಶಿಕ್ಷಕರು ಪಾಠವನ್ನು ಹೇಳುವರು' ಎಂಬಂಥ ಸಪ್ಪೆ ವಾಕ್ಯ ತುಂಬಿದ್ದಾರೆ.

ಉಳಿದ ಹನ್ನೆರಡರಲ್ಲಿ ಇದನ್ನು ಕೇಳು, ದಿಚೇವಾ ಎಂಬ ರೂಪಕ್ಕೆ ಕೊಟ್ಟದ್ದು: 'ನನ್ನ ತಮ್ಮ ಚಿಕ್ಕವನಿದ್ದಾಗ ಎಲ್ಲದಕ್ಕೂ ಬೇಡ ಎಂದೇ ಹೇಳುತ್ತಿದ್ದ.' ಅದೇ ಪುಸ್ತಕದ ಮುನ್ನುಡಿಯಲ್ಲಿ ಡೈರೆಕ್ಟರನ್ನು 'ತಂದೆತಾಯಿಯ ಏಕೈಕ ಸಂತಾನ' ಎಂದು ಹೊಗಳಿದ್ದಾರೆ. ತಮ್ಮ ಎಲ್ಲಿಂದ ಬಂದ? ಆ ತಮ್ಮ ನಾನು. ಇನ್ನೂ ಬದುಕಿದ್ದೇನೆ, ಇನ್ನೂ ಬೇಡ ಎನ್ನುತ್ತಿದ್ದೇನೆ.

ಮೊದಲ ಆವೃತ್ತಿಯ ನನ್ನ ಪ್ರತಿ ಮನೆ ಬದಲಾಯಿಸುವಾಗ ಕಳೆದುಹೋಯಿತು. ಆದರೆ 1984ರ ಅಕ್ಟೋಬರಿನ ಆ ಶೀರ್ಷಿಕೆ ಪುಟ ನನಗೆ ಕಣ್ಣಿಗೆ ಕಟ್ಟಿದಂತಿದೆ. ಮೇಲೆ ಡೈರೆಕ್ಟರ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ 'ರಚನೆ' ಎಂದು ನಿನ್ನದು. ಪ್ರೆಸ್ಸಿನಲ್ಲಿ ಆ ಕರಡು ತಿದ್ದಿದವನೇ ನಾನಲ್ಲವೇ?

ವಾಕ್ಯಗಳನ್ನು ಯಾರು ಯಾವತ್ತು ಕೊಟ್ಟರು ಎಂದು ಬರೆದಿಡುತ್ತಿದ್ದೆಯಲ್ಲ, ಕಂದು ರಟ್ಟಿನ ಉದ್ದ ಪುಸ್ತಕ, ಅದನ್ನು ಕೂಡಲೇ ಕಳಿಸು. ಮಿಕ್ಕಿದ್ದು ನನಗೆ ಬಿಡು.

ನಿನ್ನ ತಮ್ಮ


15 ಫೆಬ್ರವರಿ 2019

ಚಿರಂಜೀವಿ ತಕರಾರಿಗೆ ಆಶೀರ್ವಾದಗಳು.

ನಿನ್ನ ಕಾಗದ ಎರಡು ಸಲ ಓದಿದೆ. ಒಂದು ಸಲ ವಿಷಯಕ್ಕೆ, ಇನ್ನೊಂದು ಸಲ ಅಕ್ಷರ ಬಿಡಿಸಿಕೊಳ್ಳುವುದಕ್ಕೆ. ಊರಿನ ಅಕ್ಷರವನ್ನೆಲ್ಲ ತಿದ್ದಿದವನ ಕೈಬರಹ ಇದು!

ನನಗೆ ಕಿವಿಗೆ ಹೊಸ ಯಂತ್ರ ಬಂದಿದೆ. ಚಮಚ ಬಿದ್ದರೆ ತಟ್ಟೆಯೇ ಒಡೆದಂತೆ ಕೇಳುತ್ತದೆ, ಮನುಷ್ಯರ ಮಾತು ಮಾತ್ರ ಹತ್ತಿಯೊಳಗಿಂದ ಬಂದಂತೆ. ಮಗಳು "ಅಭ್ಯಾಸ ಆಗುತ್ತೆ ಅಮ್ಮ" ಎನ್ನುತ್ತಾಳೆ. ಅಳಿಯ ಒಳ್ಳೆಯವನು, ಮಾತೇ ಆಡುವುದಿಲ್ಲ, ಅವನದು ಅನುಕೂಲ.

ಪುಸ್ತಕದ ಸಮಾಚಾರ ನೋಡಿದೆ. ಮಗಳೂ ಒಂದು ಪ್ರತಿ ತರಿಸಿದ್ದಾಳೆ. ಬಿಟ್ಟುಬಿಡು. ಆ ಭಾಷೆಯಲ್ಲಿ ಎರಡು ಭೂತಕಾಲ ಇವೆ ಎಂದು ನಿನಗೂ ಹೇಳಿದ್ದೆ, ನೀನು ಆಗ ಕೇಳಿಸಿಕೊಂಡಿದ್ದರೆ. ಒಂದು ಇನ್ನೂ ಬೆಚ್ಚಗಿರುವುದು, ಅದರ ಬಾಲ ಇವತ್ತಿಗೂ ತಗುಲಿರುತ್ತದೆ. ಇನ್ನೊಂದು ದೂರದ್ದು, ಮುಗಿದು ಕೈತೊಳೆದುಕೊಂಡದ್ದು: ದಿಸ್ಸಿ, ದಿಚೆಸ್ತಿ, ದಿಸ್ಸೆ. ಹೇಳಿದೆ, ಹೇಳಿದೆ, ಹೇಳಿದಳು, ಆಯಿತು. ನನ್ನ ಪುಸ್ತಕವನ್ನು ಆ ದೂರದ ಖಾನೆಗೆ ಹಾಕಿಬಿಡು. ಡೈರೆಕ್ಟರೂ ಹೋದರು. ಹೋದವರ ಹತ್ತಿರ ಜಗಳ ಆಡಿದರೆ ಉತ್ತರ ಯಾರು ಕೊಡುತ್ತಾರೆ?

ಕಂದು ರಟ್ಟಿನ ಪುಸ್ತಕಕ್ಕೆ ಗೆದ್ದಲು ಹಿಡಿದು ಎಷ್ಟೋ ವರ್ಷವಾಯಿತು.

ತಮ್ಮನ ವಾಕ್ಯ ನಿನ್ನದೇ ಹೌದು. ಹಾಲು ಬೇಡ, ಸ್ನಾನ ಬೇಡ, ಶಾಲೆ ಬೇಡ. ಒಂದು ದಿನ ಅಮ್ಮ ಸೋತು "ಏನೂ ಬೇಡ್ವೇನೋ?" ಎಂದರೆ, ಅದಕ್ಕೂ ಬೇಡ ಎಂದೆ. ತಕರಾರು ಎಂದು ಹೆಸರಿಟ್ಟದ್ದು ಆವತ್ತೇ.

ಒಂದು ಮಾತು. ಹಳೆಯ ಪ್ರೆಸ್ಸಿನ ಕಡೆ ಹೋಗಿ ಕೆದಕಬೇಡ. ಅಲ್ಲಿ ಈಗ ಯಾರಿದ್ದಾರೆ? ಕಣ್ಣಿನ ಆಪರೇಷನ್ ಯಾವಾಗ ಬರೆ.

ಅಕ್ಕ


23 ಫೆಬ್ರವರಿ 2019

ಅಕ್ಕ,

ಶಾಲೆಗೂ ಹೋದೆ, ನೀನು ಬೇಡ ಎಂದ ಪ್ರೆಸ್ಸಿನ ಕಡೆಗೂ ಹೋಗಿ ಬಂದೆ. ನಡೆದದ್ದು ನಡೆದಂತೆ ಬರೆಯುತ್ತೇನೆ.

ಶಾಲೆಯ ಈಗಿನ ಕಾರ್ಯದರ್ಶಿ ಮೂವತ್ತೈದರ ಹೆಂಗಸು, ಮರ್ಯಾದಸ್ಥೆ. ಕುರ್ಚಿ ಎಳೆದು ಕೊಟ್ಟಳು, ಟೀ ತರಿಸಿದಳು. ನಾನು ಏಕೈಕ ಸಂತಾನದ ತಮ್ಮನ ವಿಷಯ ಎತ್ತಿದಾಗ ಅವಳಿಗೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು.

"ಸಾರ್, ನಿಮ್ಮ ಅಕ್ಕನ ಬಗ್ಗೆ ಹಳೇ ವಿದ್ಯಾರ್ಥಿಗಳು ಹೇಳ್ತಾರೆ. ಆದ್ರೆ ಹೇಳೋದನ್ನ ಅಚ್ಚು ಮಾಡೋಕಾಗಲ್ಲ, ನನಗೆ ಕಾಗದ ಬೇಕು."

"ಮೊದಲ ಆವೃತ್ತಿಗಿಂತ ದೊಡ್ಡ ಕಾಗದ ಯಾವ್ದಮ್ಮ? ಅದರಲ್ಲೇ ಹೆಸರಿದೆ."

"ಇಲ್ವಲ್ಲ ಸಾರ್."

ಅವಳು ಎದ್ದು ಗಾಜಿನ ಕಪಾಟಿನಿಂದ 1984ರ ಪ್ರತಿ ತಂದಳು. ಬೆನ್ನು ಹರಿದಿದೆ, ಪುಟ ಹಳದಿಯಾಗಿದೆ, ಆದರೆ ಅದೇ. ಶೀರ್ಷಿಕೆ ಪುಟ ನೋಡಿದೆ. ಕನ್ನಡಕ ಒರೆಸಿ ಮತ್ತೆ ನೋಡಿದೆ. ಕಿಟಕಿಯ ಹತ್ತಿರ ಹೋಗಿ ನೋಡಿದೆ. ಡೈರೆಕ್ಟರ ಹೆಸರು, ಶಾಲೆಯ ಹೆಸರು, ವರ್ಷ. ನಿನ್ನದಿಲ್ಲ.

ಅಕ್ಕ, ನನ್ನ ನೆನಪು ನಿನಗೆ ಗೊತ್ತು. ಊರಿಗೆ ನಲ್ಲಿನೀರು ಬಂದ ವಾರ, ಹಳೆಯ ಸೇತುವೆ ಮುಚ್ಚಿದ ದಿನ, ಯಾವ ಪತ್ರಿಕೆ ಯಾವ ವರ್ಷ ಯಾರ ಬಗ್ಗೆ ಏನು ಬರೆದು ಆಮೇಲೆ ನುಂಗಿಕೊಂಡಿತು, ಎಲ್ಲ ನಾಲಿಗೆಯ ತುದಿಯಲ್ಲಿದೆ. ನಾನು ನೋಡಿದ ಪುಟದಲ್ಲಿ ನಿನ್ನ ಹೆಸರಿತ್ತು. ಅಚ್ಚಾದ ಪುಟದಲ್ಲಿ ಇಲ್ಲ. ಅಂದರೆ ನಾನು ಸಹಿ ಹಾಕಿದ ಮೇಲೆ ಆ ಹೆಸರಿನ ಅಚ್ಚುಮೊಳೆ ಕಿತ್ತಿದ್ದಾರೆ. ಸಹಿಯಾದ ಪುಟವನ್ನು ಮುಟ್ಟುವ ಅಧಿಕಾರ ಆ ಪ್ರೆಸ್ಸಿನಲ್ಲಿ ಇದ್ದದ್ದು ಒಬ್ಬರಿಗೇ, ಫೋರ್‌ಮನ್‌ಗೆ.

ಅಲ್ಲಿಂದ ನೇರ ಹಳೆಯ ಗಲ್ಲಿಗೆ ಹೋದೆ. ಪ್ರೆಸ್ಸಿದ್ದ ಕಡೆ ಈಗ ಟೈಲ್ಸ್ ಅಂಗಡಿ. ಫೋರ್‌ಮನ್ ಈಗಿಲ್ಲ, ಎದುರುಗಡೆ ಅವರ ಮಗಳು ಪುಸ್ತಕ ಕಟ್ಟುವ ಅಂಗಡಿ ಇಟ್ಟಿದ್ದಾಳೆ. ಚಿಕ್ಕಂದಿನಿಂದ ನನ್ನನ್ನು ಮಾವ ಎನ್ನುತ್ತಾಳೆ. ಕೈತುಂಬ ಅಂಟು, ಯಾವುದೋ ಶಾಲೆಯ ಹಾಜರಿ ಪುಸ್ತಕಗಳ ರಾಶಿ.

"ನಿಮ್ಮಪ್ಪ ನಾನು ಸಹಿ ಹಾಕಿದ ಪುಟದಿಂದ ಹೆಸರು ಕಿತ್ತಿದ್ರು ಅನ್ಸುತ್ತೆ" ಎಂದೆ.

ಬ್ರಷ್ಷು ಕೆಳಗಿಟ್ಟಳು. "ನಮ್ಮಪ್ಪ ಕೇಳದೆ ಒಂದು ಚುಕ್ಕಿ ತೆಗೆದೋರಲ್ಲ ಮಾವ. ನಿಮಗೇ ಗೊತ್ತಲ್ವಾ?"

"ಗೊತ್ತಿತ್ತು ಅಂದ್ಕೊಂಡಿದ್ದೆ."

"ಹಾಗಾದ್ರೆ ಹೋಗಿ ಬನ್ನಿ" ಎಂದಳು. ಟೀ ಕೇಳಲಿಲ್ಲ. ಮುಚ್ಚಿಡುವುದು ಇಲ್ಲದಿದ್ದರೆ ಅಷ್ಟು ಬಿಗಿ ಏಕೆ?

ಎರಡನೇ ಮುದ್ರಣ ಏಪ್ರಿಲ್ 5ಕ್ಕೆ ಅಚ್ಚಿಗೆ ಹೋಗುತ್ತದಂತೆ. ಆಮೇಲೆ ಐದು ವರ್ಷ ಮುಟ್ಟುವುದಿಲ್ಲವಂತೆ. ಕಾರ್ಯದರ್ಶಿ ಹೇಳಿದ್ದು: "ಅಷ್ಟರೊಳಗೆ ದಾಖಲೆ ತಂದ್ರೆ ಸಮಿತಿ ಮುಂದೆ ಇಡ್ತೀನಿ." ಗೆದ್ದಲು ಬಿಟ್ಟ ಚೂರಾದರೂ ಇದೆಯೇ ನೋಡು.

ತಮ್ಮ


12 ಮಾರ್ಚ್ 2019

ಅಕ್ಕ,

ಹದಿನೇಳು ದಿನ. ಕಾಗದ ತಲುಪಿದೆ ಎಂದು ನಿನ್ನ ಮಗಳು ನನ್ನ ಹೆಂಡತಿಗೆ ಫೋನಿನಲ್ಲಿ ಹೇಳಿದ್ದಾಳೆ. "ಅತ್ತಿಗೆ ಚೆನ್ನಾಗಿದಾರಂತೆ, ದಿನಾ ವಾಕಿಂಗ್ ಹೋಗ್ತಾರಂತೆ" ಎಂದು ಇವಳು ಸಂತೋಷವಾಗಿ ಬಂದು ಹೇಳಿದಳು. ನಡೆಯುವುದಕ್ಕೆ ಪುರುಸೊತ್ತಿದೆ, ಬರೆಯುವುದಕ್ಕಿಲ್ಲ.

ನೀನು ಯಾವಾಗಲೂ ಹೀಗೆಯೇ. ಮುನ್ನೂರು ಜನಕ್ಕೆ ಹೇಳುವುದನ್ನು ಕಲಿಸಿದೆ, ಎಲ್ಲ ಧಾಟಿಯಲ್ಲಿ, ಎಲ್ಲ ಕಾಲದಲ್ಲಿ. ನಿನ್ನದು ಬಂದಾಗ ಮಾತ್ರ ತುಟಿ ಹೊಲಿದುಕೊಂಡೆ. ಡೈರೆಕ್ಟರ್ ನಿನಗೆ ತರಗತಿ ಕಡಿಮೆ ಮಾಡಿದಾಗ ಹೇಳಲಿಲ್ಲ. ಮುಂದಿನ ವರ್ಷ ನಿನ್ನನ್ನು ಬಿಡಿಸಿದಾಗಲೂ, "ನನಗೇ ಸಾಕಾಯ್ತು" ಎಂದು ಮನೆಯಲ್ಲಿ ಹೇಳಿದೆ. ಇದನ್ನು ತಾಳ್ಮೆ ಎಂದು ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆ. ಇದು ಪುಕ್ಕಲುತನ.

ನೀನು ಬರೆಯದಿದ್ದರೂ ನಾನು ಬರೆದಿದ್ದೇನೆ. ಪತ್ರಿಕೆಗೆ ಕಳಿಸುವ ಪತ್ರದ ಪ್ರತಿ ಇದರ ಜೊತೆಗಿದೆ. ಮೂರನೇ ಪ್ಯಾರಾ ನೋಡು: 'ಕರಡು ತಿದ್ದಿ ಸಹಿಯಾದ ನಂತರ, ಡೈರೆಕ್ಟರ ಬಂಧುವಾದ ಮಾಲೀಕರ ಮಾತಿಗೆ ತಲೆಬಾಗಿ, ಪ್ರೆಸ್ಸಿನ ಫೋರ್‌ಮನ್ ಲೇಖಕಿಯ ಹೆಸರನ್ನು ಕಿತ್ತುಹಾಕಿದರು.' ಅವರ ಮಗಳಿಗೆ ನೋವಾಗುತ್ತದೆ, ನನಗೆ ಗೊತ್ತು. ಸತ್ಯ ಎಂದಮೇಲೆ ಯಾರಿಗಾದರೂ ನೋವಾಗಲೇಬೇಕು.

ಇಪ್ಪತ್ತನೇ ತಾರೀಕು ಪೋಸ್ಟಿಗೆ ಹಾಕುತ್ತೇನೆ.

ತಮ್ಮ


15 ಮಾರ್ಚ್ 2019, ರಿಜಿಸ್ಟರ್ಡ್ ಅಂಚೆ

ತಮ್ಮ,

ಆ ಪತ್ರ ಹಾಕಬೇಡ. ಮೊದಲು ಇದರೊಳಗೆ ಇಟ್ಟಿರುವ ಹಾಳೆ ನೋಡು. ನಿಂತುಕೊಂಡು ನೋಡಬೇಡ, ಕುಳಿತುಕೋ.

ಅದು 1984ರ ಶೀರ್ಷಿಕೆ ಪುಟದ ಕರಡು. ಡೈರೆಕ್ಟರ ಹೆಸರಿದೆ. ಅದರ ಕೆಳಗೆ ಒಂದು ಸಾಲಿನಷ್ಟು ಜಾಗ ಖಾಲಿ. ಅದರ ಕೆಳಗೆ ಶಾಲೆಯ ಹೆಸರು. ಮೂಲೆಯಲ್ಲಿ ಪೆನ್ಸಿಲಿನಲ್ಲಿ 'ಅಚ್ಚಿಗೆ', 3-10-84, ಪಕ್ಕದಲ್ಲಿ ನಿನ್ನ ಸಹಿ. ಆಗ ನಿನ್ನ ಅಕ್ಷರ ಚೆನ್ನಾಗಿತ್ತು.

ನನ್ನ ಹಸ್ತಪ್ರತಿಯ ಮೊದಲ ಹಾಳೆಯಲ್ಲಿ ನನ್ನ ಹೆಸರಿತ್ತು. ಡೈರೆಕ್ಟರ್ ಕೆಂಪು ಇಂಕಿನಲ್ಲಿ ಅದನ್ನು ಹೊಡೆದು ಪ್ರೆಸ್ಸಿಗೆ ಕಳಿಸಿದ್ದರು. ನಿಮ್ಮ ಪ್ರೆಸ್ಸಿನ ಕಟ್ಟಳೆ ನಿನಗೆ ನಾನು ಹೇಳಬೇಕೇ? ಮೊಳೆ ಜೋಡಿಸುವವರು ಗಿರಾಕಿಯ ಪ್ರತಿಯನ್ನು ಪ್ರಶ್ನಿಸುವಂತಿಲ್ಲ. ಪ್ರಶ್ನೆ ಹಾಕುವ ಹಕ್ಕು ಕರಡು ನೋಡುವವನಿಗೆ ಮಾತ್ರ. ಅವನು ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದರೆ ಯಂತ್ರ ನಿಲ್ಲಬೇಕು, ಮಾಲೀಕರೇ ಬಂದರೂ.

ಪುಸ್ತಕ ಬಂದ ವಾರ ಫೋರ್‌ಮನ್ ಶಾಲೆಯ ಮೆಟ್ಟಿಲ ಹತ್ತಿರ ನನಗಾಗಿ ಕಾದಿದ್ದರು. ಸೈಕಲ್ ಹಿಡಿದೇ ಮಾತಾಡಿದರು. "ಅಮ್ಮಾ, ಕರಡಲ್ಲಿ ನಿಮ್ಮ ಹೆಸರಿನ ಜಾಗ ನಾನು ಮುಚ್ಚಲಿಲ್ಲ. ಬೇಕೂಂತ್ಲೇ ಖಾಲಿ ಬಿಟ್ಟೆ. ಸ್ವಂತ ಅಕ್ಕನ ಪುಸ್ತಕ, ಅವನು ನೋಡ್ತಾನೆ, ಕೇಳ್ತಾನೆ, ನಾನು ನಿಲ್ಲಿಸ್ತೀನಿ ಅಂತ. ಅವನು ಕೇಳ್ಲಿಲ್ಲ. ಪ್ರಶ್ನೆ ಬರದೇ ಇದ್ರೆ ನಾನು ಜಾಗ ಮುಚ್ಚಿ ಅಚ್ಚು ಹಾಕ್ಲೇಬೇಕು" ಎಂದರು. ಆಮೇಲೆ ಅಂಗಿಯೊಳಗಿನಿಂದ ಈ ಹಾಳೆ ತೆಗೆದುಕೊಟ್ಟರು. "ಫೈಲಿನಲ್ಲಿದ್ರೆ ನಾಳೆ ಗಲಾಟೆಯಾದಾಗ ಎಲ್ಲಾ ಹುಡುಗನ ತಲೆ ಮೇಲೆ ಬರುತ್ತೆ. ನೀವೇ ಇಟ್ಕೊಳ್ಳಿ."

ಫೈಲಿನಿಂದ ಹಾಳೆ ಕಳೆದದ್ದಕ್ಕೆ ಮಾಲೀಕರು ಅವರನ್ನು ಎಲ್ಲರ ಮುಂದೆ ಬೈದರು. ಅದು ನಿನಗೇ ನೆನಪಿರಬೇಕು, ಮನೆಗೆ ಬಂದು ನೀನೇ ನಗುತ್ತಾ ಹೇಳಿದ್ದೆ.

ಆಗ ನೀನು ನೌಕರಿಗೆ ಸೇರಿ ಮೂರು ತಿಂಗಳು. ಇನ್ನೂ ಖಾಯಂ ಆಗಿರಲಿಲ್ಲ. ಮಾಲೀಕರು ಡೈರೆಕ್ಟರ ಭಾವ. ಅದಕ್ಕೂ ಮೊದಲು ಎರಡು ವರ್ಷ ಕೆಲಸವಿಲ್ಲದೆ ನೀನು ಗೋಡೆ ನೋಡಿಕೊಂಡು ಮಲಗಿರುತ್ತಿದ್ದೆ, ಅಪ್ಪ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ನಾನು ಬಾಯಿ ಬಿಟ್ಟರೆ ಆ ಗೋಡೆ ನಿನಗೆ ವಾಪಸ್ಸು. ಅದಕ್ಕೆ ಹೇಳಲಿಲ್ಲ. ಪುಕ್ಕಲುತನವೋ ಏನೋ, ಹೆಸರು ನೀನೇ ಇಡು.

ಕಂದು ರಟ್ಟಿನ ಪುಸ್ತಕಕ್ಕೆ ಗೆದ್ದಲು ಹಿಡಿದಿಲ್ಲ. ಸುಳ್ಳು ಹೇಳಿದೆ. ಟ್ರಂಕಿನಲ್ಲಿದೆ. ಅದನ್ನು ಕಳಿಸಿದರೆ ನೀನು ಇನ್ನೂ ಕೆದಕುತ್ತೀಯ, ಕೆದಕಿದರೆ ಈ ಹಾಳೆಗೆ ಬಂದು ನಿಲ್ಲುತ್ತೀಯ ಎಂದು ಹೆದರಿದೆ.

ಫೋರ್‌ಮನ್ ಹೆಸರು ಮಾತ್ರ ಎತ್ತಬೇಡ.

ಅಕ್ಕ


19 ಮಾರ್ಚ್ 2019

ಅಕ್ಕ,

ಹಾಳೆ ಬಂತು. ಸಹಿ ನನ್ನದೇ.

ಶೀರ್ಷಿಕೆ ಪುಟವನ್ನು ನಾವು ಹಿಂದಿನಿಂದ ಮುಂದಕ್ಕೆ, ಒಂದೊಂದೇ ಅಕ್ಷರವಾಗಿ ಓದುತ್ತಿದ್ದೆವು. ಮುಂದಿನಿಂದ ಓದಿದರೆ ಕಣ್ಣು ಪದವನ್ನು ಊಹಿಸಿಕೊಂಡು ತಪ್ಪನ್ನು ದಾಟಿಬಿಡುತ್ತದೆ. ದೊಡ್ಡ ಅಕ್ಷರದಲ್ಲಿ ತಪ್ಪಾದರೆ ಪ್ರೆಸ್ಸಿನ ಮಾನವೇ ಹೋಗುತ್ತಿತ್ತು, ಅದಕ್ಕೆ ಈ ಪದ್ಧತಿ. ಹಾಗೆ ಓದುವಾಗ ಅಕ್ಷರ ಕಾಣುತ್ತದೆ, ಹೆಸರು ಕಾಣುವುದಿಲ್ಲ. ಇದ್ದ ಅಕ್ಷರವೆಲ್ಲ ಸರಿಯಿತ್ತು. ಇಲ್ಲದ್ದನ್ನು ನಾನು ಹೇಗೆ ನೋಡಲಿ? ಈ ಕಸುಬಿನ ಯಾರನ್ನು ಬೇಕಾದರೂ ಕೇಳು.

ಪತ್ರಿಕೆಗೆ ಏನೂ ಕಳಿಸಿಲ್ಲ. ಕಣ್ಣಿನ ಆಪರೇಷನ್ ಮುಂದಿನ ತಿಂಗಳು.

ತಮ್ಮ


23 ಮಾರ್ಚ್ 2019

ತಕರಾರು,

ಹಿಂದಿನಿಂದ ಓದಿದೆ ಎನ್ನುತ್ತೀಯ. ಆಯಿತು, ನಂಬಿದೆ. ಇಷ್ಟು ಚಿಕ್ಕ ಕಾಗದ ನೀನು ಹುಟ್ಟಿದಾಗಿನಿಂದ ಬರೆದಿಲ್ಲ, ಅದನ್ನೂ ನೋಡಿದೆ.

ಈಗ ನನ್ನ ವಿಷಯ. ಮಗಳು ಹೊಸ ಪುಸ್ತಕ ತರಿಸಿದ್ದಾಳೆ ಎಂದು ಬರೆದಿದ್ದೆನಲ್ಲ, ಪೂರ್ತಿ ಬರೆದಿರಲಿಲ್ಲ. ಅವಳ ಆಸ್ಪತ್ರೆಯಲ್ಲಿ ಇಬ್ಬರು ನರ್ಸುಗಳು ಆ ದೇಶಕ್ಕೆ ಹೊರಟಿದ್ದಾರೆ, ಅವರಿಗಾಗಿ ತರಿಸಿದ್ದು. ನನ್ನ ಮುಂದೆ ಪುಟ ತಿರುಗಿಸುತ್ತಾ ಕೇಳಿದಳು, "ಅಮ್ಮ, ನೀನೂ ಆಗ ಇದೇ ಪುಸ್ತಕ ಇಟ್ಕೊಂಡು ಪಾಠ ಮಾಡ್ತಿದ್ಯಾ?"

"ಹೂಂ" ಎಂದೆ.

"ಎಷ್ಟು ಚೆನ್ನಾಗಿ ಬರೆದಿದಾರೆ ಅಲ್ವಾ?"

ಅದಕ್ಕೂ "ಹೂಂ" ಎಂದೆ.

ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದೆ. ದೀರೆಯ ಹಾಳೆ ತೆಗೆದೆ. ಸಣ್ಣ ದನಿಯ ನರ್ಸು ಕೊಟ್ಟದ್ದು: 'ನಾನು ಯಾವಾಗಲೂ ನಿಜವನ್ನೇ ಹೇಳುತ್ತೇನೆ, ಆದರೆ ಮೆಲ್ಲಗೆ.' ಹಡಗಿನ ಅಡುಗೆಯವನದು: 'ಉಪ್ಪು ಸಾಲದೆಂದು ಕ್ಯಾಪ್ಟನ್ ಹೇಳಿದರೆ ನಾನು ಹೌದೆನ್ನುವೆ.' ಕಲ್ಲು ಕೊರೆಯುವವನು ದೂರದ ಭೂತಕಾಲಕ್ಕೆ ಕೊಟ್ಟದ್ದು ನೆನಪಿದೆಯೇ? ಅವನ ಕಾರ್ಖಾನೆಯಲ್ಲಿ ಗರಗಸದ ಮುಚ್ಚಳ ತೆಗೆದಿಟ್ಟಿದ್ದರು, ಜೊತೆಗಾರನ ಬೆರಳು ಹೋಯಿತು. ತೆಗೆದದ್ದು ಯಾರು ಎಂದು ಸಾಹೇಬರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೇಳಿದರು. 'ನೆಸ್ಸೂನೊ ದಿಸ್ಸೆ ನಿಯೆಂತೆ.' ಯಾರೂ ಏನೂ ಹೇಳಲಿಲ್ಲ. ಆ ವಾಕ್ಯ ಹೇಳುವಾಗ ಅವನು ನೆಲ ನೋಡುತ್ತಿದ್ದ. ಹೊಸ ಪುಸ್ತಕದಲ್ಲಿ ಮೂರನ್ನೂ ತೆಗೆದಿದ್ದಾರೆ. ಅವರ ಜಾಗದಲ್ಲಿ ಶಿಕ್ಷಕರು ಪಾಠ ಹೇಳುತ್ತಿದ್ದಾರೆ.

ಮೂವತ್ನಾಲ್ಕು ವರ್ಷ ನನಗೆ ಬೇಡ ಎಂದೆ. ಈಗ ಬೇಕು. ಆ ವಾಕ್ಯಗಳು ವಾಪಸ್ಸು ಬರಬೇಕು, ನನ್ನ ಹೆಸರೂ ಬರಬೇಕು. ಮೆಲ್ಲಗೆ ಅಲ್ಲ. ಕಂದು ಪುಸ್ತಕ ಪಾರ್ಸೆಲ್ ಮಾಡಿದ್ದೇನೆ.

ಆದರೆ ಅದಕ್ಕೆ ನೀನು ಏನನ್ನು ಬರೆಯಬೇಕಾಗುತ್ತದೆಯೋ ಅದು ನಿನಗೆ ಬಿಟ್ಟದ್ದು. ನಾನು ಬರೆ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ.

ಅಕ್ಕ


29 ಮಾರ್ಚ್ 2019
ಬಹಿರಂಗ ಪತ್ರ
ಸಂಜೆ ಭಾಷಾ ಶಾಲೆಯ ಕಾರ್ಯದರ್ಶಿ ಮತ್ತು ಸಮಿತಿಯವರಿಗೆ
ಪ್ರತಿ: ಪತ್ರಿಕೆಯ ವಾಚಕರ ವಿಭಾಗಕ್ಕೆ, ಪುಸ್ತಕ ಕಟ್ಟುವ ಅಂಗಡಿಗೆ, ಅಕ್ಕನಿಗೆ

ಮಾನ್ಯರೇ,

1984ರ ಅಕ್ಟೋಬರ್ 3ರಂದು 'ಇಟಾಲಿಯನ್ ಕ್ರಿಯಾಪದಗಳು' ಪುಸ್ತಕದ ಶೀರ್ಷಿಕೆ ಪುಟದಿಂದ ಅದನ್ನು ಬರೆದವಳ ಹೆಸರು ಹೋಯಿತು. ಈ ವರ್ಷ ಜನವರಿ 27ರಂದು ನೀವು ಅದೇ ತಪ್ಪನ್ನು ಇನ್ನೂರು ಜನರ ಮುಂದೆ ಹೊಸ ಹೊದಿಕೆ ಹಾಕಿ ಮಾಡಿದಿರಿ.

ನಿಮ್ಮ ದಿನಾಂಕ 27ರ ಉತ್ತರ ತಲುಪಿತು. ಕಂದು ರಟ್ಟಿನ ಪುಸ್ತಕವನ್ನು ನಿಮ್ಮ ಮೇಜಿನ ಮೇಲೆ ಬಿಚ್ಚಿಟ್ಟ ಮರುದಿನವೇ, 'ಎರಡನೇ ಮುದ್ರಣದ ಕೃತಜ್ಞತೆಯ ಪುಟದಲ್ಲಿ ತಮ್ಮ ಸಹೋದರಿಯವರ ಹೆಸರನ್ನು ಸೇರಿಸಲು ಸಮಿತಿ ಸಂತೋಷಪಡುತ್ತದೆ, ವಿಷಯವನ್ನು ಇಲ್ಲಿಗೆ ಮುಗಿಸೋಣ' ಎಂದು ಬರೆದಿದ್ದೀರಿ. ಫ್ಯಾನು ಕೊಟ್ಟವರ ಕೆಳಗೋ, ಮೈಕು ಕೊಟ್ಟವರ ಕೆಳಗೋ, ಅದನ್ನು ತಿಳಿಸಿಲ್ಲ. ವಿಷಯ ಅಲ್ಲಿಗೆ ಮುಗಿಯುವುದಿಲ್ಲ.

ಆದರೆ ನಿಮ್ಮನ್ನು ಕೇಳುವ ಮುಂಚೆ ನನ್ನ ಪಾಲನ್ನು ಹೇಳಬೇಕು. ಡೈರೆಕ್ಟರ್ ಹೆಸರನ್ನು ಹೊಡೆದರು. ಪ್ರೆಸ್ಸಿನ ಫೋರ್‌ಮನ್ ಆ ಸಾಲಿನ ಜಾಗವನ್ನು ಮುಚ್ಚದೆ ಖಾಲಿ ಬಿಟ್ಟು ಕರಡು ನೋಡುವವನ ಮುಂದೆ ಇಟ್ಟರು. ಅವನು ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದ್ದರೆ ಯಂತ್ರ ನಿಲ್ಲುತ್ತಿತ್ತು. ಕರಡು ನೋಡಿದವನು ನಾನು. ಲೇಖಕಿಯ ಒಡಹುಟ್ಟಿದವನೂ ನಾನೇ.

ಶೀರ್ಷಿಕೆ ಪುಟವನ್ನು ಹಿಂದಿನಿಂದ ಓದುವುದು ನಮ್ಮ ಪದ್ಧತಿ, ಆದ್ದರಿಂದ ಗಮನಿಸಲಿಲ್ಲ ಎಂದು ಹತ್ತು ದಿನದ ಹಿಂದೆ ಅಕ್ಕನಿಗೆ ಬರೆದೆ. ಅವಳು ನಂಬಿದೆ ಎಂದಳು. ನನಗೆ ನಂಬಲಾಗಲಿಲ್ಲ. ಖಾಲಿ ಜಾಗವನ್ನು ಹಿಂದಿನಿಂದ ಓದಿದರೂ ಅದು ಖಾಲಿಯೇ. ನಾನು ಅದನ್ನು ಕಂಡೆ. ಪೆನ್ಸಿಲು ಅಂಚಿನವರೆಗೆ ಹೋಯಿತು. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಮಾಲೀಕರು ಗಾಜಿನ ಆಚೆ ಕುಳಿತಿದ್ದರು. 'ಅಚ್ಚಿಗೆ' ಎಂದು ಬರೆದೆ. ಅದಾದ ಮೇಲೆ, ಆ ಜಾಗದಲ್ಲಿ ಅವಳ ಹೆಸರಿತ್ತು ಎಂದು ವರ್ಷಗಟ್ಟಲೆ ನೆನಪು ಮಾಡಿಕೊಂಡು, ಅದನ್ನೇ ನಂಬಿ, ಊರಿನವರ ನೆನಪನ್ನೆಲ್ಲ ತಿದ್ದುತ್ತಾ ಬಂದೆ. ಕಳೆದ ತಿಂಗಳು ಈ ತಪ್ಪನ್ನು ಸತ್ತ ಫೋರ್‌ಮನ್ ತಲೆಗೆ ಕಟ್ಟಲು ಹೊರಟು, ಅವರ ಮಗಳ ಅಂಗಡಿಗೆ ಹೋಗಿ ಅವಳ ಮುಖಕ್ಕೇ ಹೇಳಿದೆ. ಅವರು ಕೇಳದೆ ಒಂದು ಚುಕ್ಕಿ ತೆಗೆದವರಲ್ಲ. ಅವಳ ಕ್ಷಮೆಯನ್ನು ಇಲ್ಲಿಯೇ, ಎಲ್ಲರ ಎದುರಿಗೆ ಕೇಳುತ್ತೇನೆ.

ಆ ಕರಡಿನ ಹಾಳೆ ಇದರೊಂದಿಗಿದೆ. ಅದರ ಅಂಚಿನಲ್ಲಿ ಇವತ್ತು ನನ್ನ ಪ್ರಶ್ನೆಚಿಹ್ನೆ ಹಾಕಿದ್ದೇನೆ, ಕೆಳಗೆ ಇವತ್ತಿನ ತಾರೀಕು. ತಡವಾಯಿತು, ಆದರೆ ಏಪ್ರಿಲ್ 5 ಇನ್ನೂ ಬಂದಿಲ್ಲ.

ಈಗ ನೀವು ಹೇಳಿ. ಈ ಪುಸ್ತಕ ಬರೆದವರು ಯಾರು? ತೀರಿಕೊಂಡವರ ಮರ್ಯಾದೆ ಕಾಪಾಡಲು ಬದುಕಿರುವವಳನ್ನು ಫ್ಯಾನಿನ ಸಾಲಿಗೆ ಸೇರಿಸುವುದು ಯಾವ ನ್ಯಾಯ? ದೀರೆಯ ಪಟ್ಟಿಯಿಂದ ನೀವು ಕಿತ್ತ ಒಂಬತ್ತು ವಾಕ್ಯಗಳು ಒಂಬತ್ತು ಜನರವು, ಅವರ ಹೆಸರು, ಕಸುಬು, ಹೇಳಿದ ತಾರೀಕು ನಿಮ್ಮ ಮೇಜಿನ ಮೇಲಿರುವ ಪುಸ್ತಕದಲ್ಲಿದೆ. ಅವು ವಾಪಸ್ಸು ಬರುತ್ತವೆಯೇ? ಶೀರ್ಷಿಕೆ ಪುಟದಲ್ಲಿ, ಆ ಖಾಲಿ ಸಾಲಿನಲ್ಲಿ, ಅವಳ ಹೆಸರು ಬರುತ್ತದೆಯೇ?

ಉತ್ತರವನ್ನು ನನ್ನ ಮನೆಗೆ ಕಳಿಸಬೇಡಿ, ಅಕ್ಕನ ಮನೆಗೂ ಬೇಡ. ಈ ಪತ್ರ ಬಂದ ಪತ್ರಿಕೆಯಲ್ಲೇ, ಇದೇ ಪುಟದಲ್ಲಿ, ಏಪ್ರಿಲ್ 5ರೊಳಗೆ, ಸಮಿತಿಯ ಪ್ರತಿಯೊಬ್ಬರ ಸಹಿಯೊಂದಿಗೆ ಹೇಳಿ.